ಅಪ್ಪ ಬೈಯುವುದನ್ನು ಬಿಟ್ಟ ವರ್ಷ

ನಮ್ಮಪ್ಪನ ಬಾಯಿಗೆ ನಮ್ಮೂರು ಮಂಗಸೂಳಿಯಲ್ಲಿ ಹೆದರದವರಿಲ್ಲ. ದ್ರಾಕ್ಷಿ ತೋಟದ ಆಳುಗಳಿಂದ ಹಿಡಿದು ಬೀಗರವರೆಗೆ ಎಲ್ಲರೂ ಬೈಸಿಕೊಂಡವರೇ. ಅವ್ವನಿಗಂತೂ ನಲವತ್ತು ವರ್ಷ ಬೈಗುಳವೇ ನಾಷ್ಟಾ. ರೊಟ್ಟಿ ದಪ್ಪಗಾದರೆ ಬೈಗುಳ, ತೆಳ್ಳಗಾದರೆ ಅದಕ್ಕೂ ಬೈಗುಳ. ಅಂಥವನು ಒಮ್ಮೆಲೇ ಮೆತ್ತಗಾದ. ಅವ್ವನಿಗೆ ರಕ್ತದ ಕ್ಯಾನ್ಸರ್ ಎಂದು ಮಿರಜದ ಡಾಕ್ಟರು ಅವನನ್ನೂ ನನ್ನನ್ನೂ ಹೊರಗೆ ಕರೆದು ಹೇಳಿದ್ದರು. ಅವಳ ಕಿವಿಗೆ ಬೀಳಬಾರದು ಎಂದು ಅಪ್ಪ ಅಲ್ಲಿಯೇ ನನ್ನಿಂದ ಆಣೆ ಹಾಕಿಸಿಕೊಂಡ. ರಕ್ತ ಕಡಿಮೆಯಾಗಿದೆ, ಅದಕ್ಕೇ ಗುಳಿಗೆ ಎಂದು ಅವ್ವನಿಗೆ ಸುಳ್ಳು ಹೇಳಿದೆವು.

ಆಮೇಲೆ ಮನೆಯಲ್ಲಿ ನಡೆದದ್ದನ್ನು ನೋಡಿ ನನಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಅಪ್ಪ ತಾನೇ ಚಹಾ ಮಾಡಿ ಕೊಡುತ್ತಿದ್ದ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಮೊದಲೆಲ್ಲ ತೋಟದಲ್ಲೇ ಬುತ್ತಿ ಉಣ್ಣುತ್ತಿದ್ದವನು ಈಗ ಅವಳ ಜೊತೆ ಕೂತು ಉಣ್ಣಲೆಂದೇ ಬಿಸಿಲಿರುವಾಗಲೇ ಮನೆಗೆ ಬರುತ್ತಿದ್ದ. ಅವ್ವ ಹೊಸ ಮದುಮಗಳ ಹಾಗೆ ನಾಚುತ್ತಿದ್ದಳು. ಓಣಿಯ ಹೆಂಗಸರು ಚೇಷ್ಟೆ ಮಾಡಿದರೆ, ಮುಪ್ಪಿನಲ್ಲಿ ಬುದ್ಧಿ ಬಂದಿದೆ ಬಿಡಿ ಎಂದು ನಗುತ್ತಿದ್ದಳು. ಅವಳು ಇಷ್ಟು ಸುಖವಾಗಿದ್ದುದನ್ನು ನಾನು ಎಂದೂ ಕಂಡಿರಲಿಲ್ಲ. ಆ ಸುಖವೊಂದು ಕಡೆತನಕ ಉಳಿಯಲಿ ಎಂದು, ಅಪ್ಪನ ಬಾಯನ್ನೇ ಹೊತ್ತು ಹುಟ್ಟಿದ ಮಗಳಾದ ನಾನೂ ಸುಮ್ಮನಿದ್ದೆ.

ಒಂದು ಮಧ್ಯಾಹ್ನ ಅವ್ವ ಎದೆ ಹಿಡಿದುಕೊಂಡು ಕೂತಳು. ಬಡಿತ ಓಡುತ್ತಿದೆ, ನಡುವೆ ತಪ್ಪುತ್ತಿದೆ, ಮತ್ತೆ ಓಡುತ್ತಿದೆ ಎಂದಳು. ಹಣೆಯೆಲ್ಲ ಬೆವರು. ನಮ್ಮ ಕಡೆ ಎದೆ ಹೊಡೆದುಕೊಂಡರೆ ಹೆದರಿಕೆ ಎಂದೇ ಲೆಕ್ಕ. ಯಾರೋ ಬಾಯಿ ಬಿಟ್ಟಿದ್ದಾರೆ, ಇವಳಿಗೆ ಗೊತ್ತಾಗಿದೆ ಎಂದುಕೊಂಡ ಅಪ್ಪ ಅವಳ ಕೈ ಹಿಡಿದ.

"ಅಂಜಬ್ಯಾಡ. ಕ್ಯಾನ್ಸರ್ ಆದ್ರೇನಾತು, ಈಗ ಗುಳಿಗಿ ಐತಿ. ನಾ ಅದೀನಲ್ಲ."

ಅವ್ವ ಅವನ ಮುಖವನ್ನೇ ನೋಡಿದಳು. ಅಲ್ಲಿಯವರೆಗೆ ಅವಳಿಗೆ ಏನೂ ಗೊತ್ತಿರಲಿಲ್ಲ.

ಕೂಡಲೇ ಅವಳನ್ನು ಮಿರಜಕ್ಕೆ ಕರೆದೊಯ್ದೆವು. ಇದು ಹೆದರಿಕೆಯಲ್ಲ, ಕ್ಯಾನ್ಸರಿನ ಈ ಗುಳಿಗೆಯಿಂದಲೇ ಕೆಲವರ ಹೃದಯದ ಬಡಿತ ಹೀಗೆ ಹಳಿ ತಪ್ಪುತ್ತದೆ ಎಂದರು ಡಾಕ್ಟರು. ಆ ಗುಳಿಗೆ ನಿಲ್ಲಿಸಿ, ಬಡಿತಕ್ಕೆ ಬೇರೆ ಔಷಧ ಕೊಟ್ಟರು. ಎದೆಯೇನೋ ತಹಬಂದಿಗೆ ಬಂತು.

ಮನೆಗೆ ಬಂದ ಮೇಲೆ ಅಪ್ಪ ಎಂದಿನಂತೆ ಚಹಾ ತಂದ. ಇದಕ್ಕೇನಾ ಇಷ್ಟು ದಿನ ಚಹಾ ಮಾಡಿದ್ದು ಎಂದು ಅವ್ವ ಕೇಳಿದಳು. ಸಾಯುವವಳೆಂಬ ಕನಿಕರವನ್ನು ನಾನು ಪ್ರೀತಿ ಎಂದುಕೊಂಡೆನಲ್ಲ ಎಂದು ಅವಳು ನನ್ನ ಕಡೆ ತಿರುಗಿ ಹೇಳಿದಳು. ಸತ್ಯಾನಾಶ ಮಾಡಿದೆಯಲ್ಲೋ ಎಂದು ಅಪ್ಪನ ಮೇಲೆ ಹರಿಹಾಯಬೇಕೆನಿಸಿತು, ಆದರೆ ಅವನ ಮುಖ ನೋಡಲಾಗಲಿಲ್ಲ.

ಅವ್ವ ಚಹಾ ಅತ್ತ ಸರಿಸಿದಳು. "ಒಮ್ಮೆ ಮೊದಲಿನಂಗ ಬೈರಿ ನನಗ. ಬದುಕ್ತೀನಿ ಅಂತ ಧೈರ್ಯಾ ಬರ್ತೈತಿ."

ಅಪ್ಪ ಬಾಯಿ ತೆರೆದ. ಏ ಎಂದ. ಬೈಯಲಾಗದೆ ಗೋಡೆಗೆ ಮುಖ ಹಾಕಿ ಅಳತೊಡಗಿದ.



"ಹಂಗಾದ್ರ ನಾ ಹೋಗೂದು ಖರೇನ ಐತಿ" ಎಂದಳು ಅವ್ವ.