ಎರಡು ರಿಂಗ್, ಎತ್ತಬ್ಯಾಡ್ರಿ

ಇದು ನಡೆದದ್ದು, ಕಟ್ಟಿದ್ದಲ್ಲ. ಹೀಗೆ ಶುರುಮಾಡುವವರನ್ನು ಕಂಡರೆ ನಗುತ್ತಿದ್ದವನು ನಾನೇ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಬ್ಯಾಂಕು ಸೇರಿ, ವರ್ಗವಾಗಿ ಕಾಶಿಗೆ ಬಂದು ಬಿದ್ದವನು. ಒಂದು ದಿನ ಎಲ್ಲವನ್ನೂ ನಂಬುತ್ತೇನೆ, ಮರುದಿನ ನನ್ನ ನೆನಪನ್ನೇ ಅನುಮಾನಿಸುತ್ತೇನೆ. ಆದರೆ ಎರಡು ಹಿತ್ತಾಳೆ ಬಟ್ಟಲುಗಳು ಮಾತ್ರ ಈಗಲೂ ನನ್ನ ಕೋಣೆಯಲ್ಲಿವೆ...

ಅಸ್ಸಿ ಘಾಟಿನ ಬಳಿ ಮಹಡಿಯ ಮೇಲೊಂದು ಕೋಣೆ ನನ್ನದು. ಬ್ಯಾಂಕಿನಲ್ಲಿ ದಿನವಿಡೀ ಹಿಂದಿ. ಕೋಣೆಗೆ ಬಂದರೆ ಯಾವ ಭಾಷೆಯೂ ಇಲ್ಲ. ಹಾಗಾಗಿ ಭಾನುವಾರ ದಶಾಶ್ವಮೇಧ ಘಾಟಿನ ಹಿಂದಿನ ಗಲ್ಲಿಯಲ್ಲಿರುವ ನಮ್ಮ ಕಡೆಯ ಮಠಕ್ಕೆ ಹೋಗುತ್ತಿದ್ದೆ. ಭಕ್ತಿಯಿಂದಲ್ಲ; ಕನ್ನಡ ಕೇಳುವುದಕ್ಕೆ, ನೀಲವ್ವನ ಜೋಳದ ರೊಟ್ಟಿ ತಿನ್ನುವುದಕ್ಕೆ. ನೀಲವ್ವ ಅಲ್ಲಿ ಅಡುಗೆಯಾಕೆ. ವಿಜಯಪುರದ ಕಡೆಯ ಹೆಂಗಸು, ವಯಸ್ಸಾಗಿದೆ, ಕಿವಿ ಸ್ವಲ್ಪ ಮಂದ.

ಮಠದ ಕಚೇರಿಯಲ್ಲಿ ಬೆರಳು ತೂರಿಸಿ ತಿರುಗಿಸುವ ಹಳೆಯ ಕಪ್ಪು ಫೋನೊಂದಿತ್ತು. ತಾಮ್ರದ ತಂತಿ ತೆಗೆದು ಫೈಬರ್ ಹಾಕಿದಾಗ ನಂಬರ್ ಉಳಿಯಿತು, ಫೋನ್ ಸತ್ತಿತು. ಮ್ಯಾನೇಜರ್ ಮಹಾಂತೇಶ ಕಾಶಿಯಲ್ಲೇ ಹುಟ್ಟಿ ಬೆಳೆದ ಹುಡುಗ; ಅವನ ಕನ್ನಡದಲ್ಲಿ ಅರ್ಧ ಹಿಂದಿ.

"ಈ ಡಬ್ಬಾನ ಕಬಾಡಿಯವನಿಗೆ ಮಾರೋಣ ಅಂದ್ರೆ ನೀಲವ್ವ ಒಪ್ತಾನೇ ಇಲ್ಲ, ಸರ್. ತಿಂಗಳ ಕೊನೆಗೆ ಹೊಸ ಸೆಟ್ ಹಾಕ್ತೀನಿ, ಬಸ್."

"ನಿನ್ ಹೊಸಾದು ಕೋಳಿಮರಿ ಹಂಗ ಕೀಚ್ ಕೀಚ್ ಅಂತೈತಿ," ಎಂದಳು ನೀಲವ್ವ. "ಅಡಿಗಿಮನಿಗೆ ಕೇಳಂಗಿಲ್ಲ. ನನ್ ತಮ್ಮ ರಿಂಗ್ ಕೊಟ್ರ ನೀ ಬಂದು ಹೇಳ್ತಿಯೇನು?"

ಅವಳ ತಮ್ಮ ಶಿವಪ್ಪ ಬಹಳ ವರ್ಷಗಳ ಹಿಂದೆ ಅಕ್ಕನ ಜೊತೆ ಕಾಶಿಗೆ ಬಂದು, ಸಾಧುಗಳ ಗುಂಪು ಸೇರಿ, ಕಂಬಳಿ ಹೊದ್ದು ನಡೆದೇ ಕೇದಾರಕ್ಕೆ ಹೊರಟವನು. ಆಗ ಮಠದ ಯಾತ್ರಿಕರಲ್ಲೊಂದು ಪದ್ಧತಿಯಿತ್ತು. ಊರು ಮುಟ್ಟಿದವರು ಫೋನ್ ಮಾಡಿ ಎರಡು ರಿಂಗ್ ಆದೊಡನೆ ಇಟ್ಟುಬಿಡುವುದು. ಈ ಕಡೆಯವರು ಎತ್ತಬಾರದು; ಎತ್ತಿದರೆ ಕಾಸು ಬೀಳುತ್ತಿತ್ತು. ಎರಡು ರಿಂಗ್ ಎಂದರೆ, ತಲುಪಿದೆ. ಶಿವಪ್ಪನೂ ಹಾಗೇ ಹೇಳಿ ಹೋಗಿದ್ದ. ರಿಂಗ್ ಬರಲಿಲ್ಲ. ನೀಲವ್ವ ಊರಿಗೆ ಮರಳಲಿಲ್ಲ. ರಾತ್ರಿ ಅವನ ಪಾಲಿನ ಒಂದು ರೊಟ್ಟಿ ತೆಗೆದಿಟ್ಟು, ಬೆಳಿಗ್ಗೆ ಗಲ್ಲಿಯ ಹಸುವಿಗೆ ಹಾಕುತ್ತಿದ್ದಳು.

"ನಾನು ನೋಡುತ್ತೇನೆ," ಎಂದೆ. ಹಳೆಯ ಫೋನುಗಳ ಹುಚ್ಚು ನನಗೆ ಕಾಲೇಜಿನಿಂದಲೂ ಇದೆ.

ಮುಂದಿನ ಭಾನುವಾರ, ಜನವರಿಯ ಚಳಿ, ಕತ್ತಲಾಗಿತ್ತು. ಮಂಜು ಗಲ್ಲಿಯೊಳಗೆ ನುಗ್ಗಿ ಕಚೇರಿಯ ಹೊಸ್ತಿಲವರೆಗೆ ಬಂದಿತ್ತು. ಮಹಾಂತೇಶ ಯಾತ್ರಿಕರನ್ನು ಕರೆದುಕೊಂಡು ಘಾಟಿಗೆ ಹೋಗಿದ್ದ. ಕಚೇರಿಯಲ್ಲಿ ನಾನೊಬ್ಬನೇ; ಒಳಗೆ ನೀಲವ್ವ ರೊಟ್ಟಿ ತಟ್ಟುವ ಸದ್ದು.

ಕೆಲಸ ಕಷ್ಟದ್ದಲ್ಲ. ಹಳೆಯ ಡಯಲ್ ಕಳಿಸುವ ಟಿಕ್ ಟಿಕ್ ಹೊಸ ಫೈಬರ್ ಪೆಟ್ಟಿಗೆಗೆ ಅರ್ಥವಾಗುವುದಿಲ್ಲ. ಅದಕ್ಕಾಗಿ ನಡುವೆ ಕೂರಿಸುವ ಪುಟ್ಟ ಸಾಧನವೊಂದನ್ನು ತರಿಸಿದ್ದೆ. ತಂತಿಗಳನ್ನು ಬೆಸೆದೆ. ಗಂಟೆಯದೇ ತಕರಾರು. ಪೆಟ್ಟಿಗೆ ಕೊಡುವ ವಿದ್ಯುತ್ತು ದುರ್ಬಲ. ಒಳಗಿನ ಸುತ್ತಿಗೆ ಜಡ್ಡುಗಟ್ಟಿ ಅಲುಗುತ್ತಿರಲಿಲ್ಲ. ಅದರ ಸ್ಪ್ರಿಂಗ್ ಸಡಿಲಿಸಲು, ಅದು ಬಡಿದು ಸದ್ದು ಮಾಡುವ ಎರಡೂ ಪಕ್ಕದ ಹಿತ್ತಾಳೆ ಬಟ್ಟಲುಗಳನ್ನು ಬಿಚ್ಚಿದೆ. ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಹಾಕಿದೆನಲ್ಲವೆ? ಹಾಕಿದೆ.

ಆಗಲೇ ಕರೆಂಟ್ ಹೋಯಿತು. ಗಲ್ಲಿಯಲ್ಲಿ ಯಾರೋ "ಬತ್ತೀ ಗಯೀ!" ಎಂದು ಕೂಗಿದರು. ಫೈಬರ್ ಪೆಟ್ಟಿಗೆಯ ಹಸಿರು ದೀಪ ಆರಿತು. ಮೊಬೈಲಿನ ಬೆಳಕಿನಲ್ಲಿ ಕುಳಿತೆ. ಫೋನಿನ ವೈರು ಯಾವುದಕ್ಕೂ ಸಿಕ್ಕಿಸದೆ ಮೇಜಿನಿಂದ ನೇತಾಡುತ್ತಿತ್ತು. ನನ್ನ ತೋರುಬೆರಳು ಸುತ್ತಿಗೆಯ ಮೇಲಿತ್ತು.

ಒದ್ದೆ ಕಂಬಳಿಯ ವಾಸನೆ ಬಂತು... ಮಂಜಿನ ದಿನ ಯಾರ ಮೈಯಲ್ಲಿರುವುದಿಲ್ಲ?

ಸುತ್ತಿಗೆ ಬೆರಳಿಗೆ ಬಡಿಯಿತು.

ಟ್ರಿಣ್... ಟ್ರಿಣ್...

ತುಂಬು ಹಿತ್ತಾಳೆಯ ದನಿ. ಕೋಣೆಯೆಲ್ಲ ತುಂಬಿತು. ನನ್ನ ಇನ್ನೊಂದು ಕೈ ತಾನಾಗಿ ರಿಸೀವರಿನತ್ತ ಹೋಯಿತು.

"ಎತ್ತಬ್ಯಾಡ್ರಿ!"

ಬಾಗಿಲಲ್ಲಿ ನೀಲವ್ವ. ಮೊಣಕೈತನಕ ಹಿಟ್ಟು.

ಟ್ರಿಣ್... ಟ್ರಿಣ್...

ನಿಂತಿತು. ಜೋಡಿ ಬಡಿತಕ್ಕೊಂದರಂತೆ ಎರಡೇ ರಿಂಗ್; ಮೂರನೆಯದು ಬರಲಿಲ್ಲ. ಒಳಗಿನಿಂದ ರೊಟ್ಟಿ ಸೀಯುವ ವಾಸನೆ ಬಂತು. ನೀಲವ್ವ ಹೊಸ್ತಿಲ ಮೇಲೇ ಕುಳಿತಳು.

"ಮುಟ್ಟಿದ, ನೋಡ್ರಿ," ಎಂದಳು ಮೆಲ್ಲಗೆ. "ಪಾಪ, ಎಷ್ಟು ದೂರ ನಡದನೋ."

ಸುತ್ತಿಗೆಯ ಮೇಲಿನ ಬೆರಳನ್ನು ತೆಗೆದೆ. "ಎಲ್ಲಿಗೆ ಮುಟ್ಟಿದ ನೀಲವ್ವ?"

"ಅದನ್ನ ಕೇಳೋ ಪದ್ಧತಿ ಇಲ್ರಿ. ಎರಡು ರಿಂಗ್ ಅಂದ್ರ ಮುಟ್ಟಿದ, ಅಷ್ಟ." ಕಣ್ಣು ಒರೆಸಿಕೊಂಡಳು, ಕೆನ್ನೆಗೆ ಹಿಟ್ಟು ಮೆತ್ತಿತು. "ಕಲ್ತವರು ಕಲ್ತವರೇ ಬಿಡ್ರಿ. ಎಷ್ಟು ಛಂದ ರಿಪೇರಿ ಮಾಡೀರಿ!"

ಬಟ್ಟಲುಗಳು ಫೋನಿನಲ್ಲಿ ಇರಲಿಲ್ಲವೆಂದು ಹೇಗೆ ಹೇಳಲಿ? ಆ ರಾತ್ರಿ ತಮ್ಮನ ಪಾಲಿನ ರೊಟ್ಟಿಯನ್ನು ನನಗೇ ಬಡಿಸಿದಳು. ಮಹಾಂತೇಶ ಬಂದಾಗ, "ಇನ್ನ ನಿನ್ ಕೋಳಿಮರೀನ ಹಾಕೋ, ಹುಡುಗಾ," ಎಂದಳು. ಅವನು ನಕ್ಕು ಕಪ್ಪು ಫೋನನ್ನು ಹಾಗೇ ಬೀರುವಿಗೆ ಸೇರಿಸಿದ.

ಕೋಣೆಗೆ ಬಂದು ಚೀಲ ತೆರೆದೆ. ಕರವಸ್ತ್ರದ ಗಂಟು, ಒಳಗೆ ಎರಡು ಬಟ್ಟಲು.

ಗಲ್ಲಿಯಲ್ಲಿ ಯಾರದೋ ಮೊಬೈಲ್ ಇರಬಹುದು. ಹಳೆಯ ಫೋನಿನ ರಿಂಗ್‌ಟೋನ್ ಈಗಲೂ ಇಟ್ಟುಕೊಳ್ಳುತ್ತಾರೆ. ಬೆರಳಿಗೆ ಬಡಿದದ್ದು ಸಡಿಲಿಸಿದ ಸ್ಪ್ರಿಂಗ್ ಇರಬಹುದು. ಅಥವಾ ನಾನು ಬಟ್ಟಲುಗಳನ್ನು ಮರಳಿ ಕೂರಿಸಿ, ವೈರು ಸಿಕ್ಕಿಸಿ, ಎಲ್ಲವನ್ನೂ ಮರೆತಿರಬಹುದು. ಬಿಚ್ಚಿದ ಫೋನಿನ ಫೋಟೋ ನನ್ನ ಬಳಿ ಇದೆ. ಆದರೆ ಅದು ರಿಂಗಿಗೆ ಮುಂಚೆ ತೆಗೆದದ್ದು. ಏನನ್ನೂ ಸಾಬೀತು ಮಾಡುವುದಿಲ್ಲ.

ಯುಗಾದಿಗೆ ಮುಂಚೆ ನೀಲವ್ವ ಊರಿಗೆ ಹೊರಟಳು. ತಂಗಿಯ ಮಗಳ ಮನೆಗೆ, ಇನ್ನು ಅಲ್ಲೇ ಇರುವುದಕ್ಕೆ. ಸ್ಟೇಷನ್ನಿಗೆ ನಾನೇ ಹೋಗಿದ್ದೆ. ನನ್ನ ಮೊಬೈಲ್ ನಂಬರನ್ನು ಚೀಟಿಯಲ್ಲಿ ಬರೆಸಿಕೊಂಡಳು.

"ಮುಟ್ಟಿದ ಮ್ಯಾಲೆ ಎರಡು ರಿಂಗ್ ಕೊಡ್ತೀನ್ರಿ. ಎತ್ತಬ್ಯಾಡ್ರಿ ಮತ್ತ."

"ಈಗ ಮಾತಾಡಲು ಕಾಸು ಬೀಳುವುದಿಲ್ಲ ನೀಲವ್ವ."

"ಇರ್ಲಿ ಬಿಡ್ರಿ. ಮಾತಾಡೂದೇನೈತಿ?"

ರೈಲು ಹೋಯಿತು. ಭಾನುವಾರ ಮಾತಾಡಲು ನನಗಿದ್ದ ಒಂದು ಬಾಗಿಲೂ ಮುಚ್ಚಿತು.

ಮರುದಿನ ಸಂಜೆ, ಪಕ್ಕದ ಲಂಕಾ ಬಡಾವಣೆಯಿಂದ ತಂದ ಊಟ ಬಿಚ್ಚುತ್ತಿದ್ದೆ. ರೈಲು ಇನ್ನೂ ದಾರಿಯಲ್ಲೇ ಇರಬೇಕಾದ ಹೊತ್ತು.

ಟ್ರಿಣ್... ಟ್ರಿಣ್... ಟ್ರಿಣ್... ಟ್ರಿಣ್...

ಎರಡು ರಿಂಗ್. ಅಭ್ಯಾಸವಾದವನಂತೆ ನಾನು ಎತ್ತಲಿಲ್ಲ. "ಸದ್ಯ, ಮುಟ್ಟಿದಳು," ಎಂದು ಗಟ್ಟಿಯಾಗಿ ಹೇಳಿಯೂ ಬಿಟ್ಟೆ. ಆಮೇಲೆ ಮೊಬೈಲ್ ನೋಡಿದೆ. ಯಾವ ಕರೆಯೂ ಬಂದಿರಲಿಲ್ಲ. ಅದರ ರಿಂಗ್ ಕೂಡ ಹಾಗಿಲ್ಲ.

ಕಿಟಕಿಯ ಪಕ್ಕದ ಕಪಾಟಿನಲ್ಲಿ, ಕರವಸ್ತ್ರದ ಗಂಟಿನೊಳಗೆ, ಹಿತ್ತಾಳೆ ಇನ್ನೂ ಸಣ್ಣಗೆ ಗುನುಗುತ್ತಿತ್ತು... ಅಥವಾ ನನಗೆ ಹಾಗೆ ನೆನಪಿದೆ.

ತಂಗಿಯ ಮಗಳ ನಂಬರ್ ಮಹಾಂತೇಶನ ಬಳಿ ಇದೆ. ಒಂದು ಮಾತು ಕೇಳಿದರೆ ಸಾಕು, ಅವಳು ಊರು ಮುಟ್ಟಿದಳೋ ಇಲ್ಲವೋ ತಿಳಿಯುತ್ತದೆ; ಕೇಳುವ ಧೈರ್ಯವಿಲ್ಲ. ಈಗ ಭಾನುವಾರ ನಾನು ಮಠದ ಗಲ್ಲಿಯ ತಿರುವಿನವರೆಗೆ ಹೋಗಿ ಹಿಂದಿರುಗುತ್ತೇನೆ.

ನೀಲವ್ವ ಮುಟ್ಟಿದ್ದಾಳೆ. ಎಲ್ಲಿಗೆ ಎಂದು ಕೇಳುವ ಪದ್ಧತಿ ಇಲ್ಲ.