ಮರಿಗಳ ಕೋಣೆಯ ನಿದ್ದೆ

ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವನಿಗೆ ಮಕ್ಕಳು ಎದುರಿಗೇ ನಿದ್ದೆ ಹೋಗುವುದು ಹೊಸತಲ್ಲ. ನನ್ನ ಲಸಾಅ, ಮಸಾಅ ಪಾಠಕ್ಕೆ ಇಡೀ ತರಗತಿ ತೂಕಡಿಸಿದ್ದುಂಟು. ಅದಕ್ಕೆ ನಾನೆಂದೂ ವೈದ್ಯಕೀಯ ಕಾರಣ ಹುಡುಕಲಿಲ್ಲ. ಆದರೆ ಕಳೆದ ಚಳಿಗಾಲದಲ್ಲಿ, ಡಿಗ್ರಿ ಎರಡನೇ ವರ್ಷ ಓದುತ್ತಿದ್ದ ನನ್ನ ಮೊಮ್ಮಗಳು ಹಗಲೆಲ್ಲ ನಿದ್ದೆ ಮಾಡತೊಡಗಿದಾಗ ನಮ್ಮ ಮನೆಯಲ್ಲಿ ಎಲ್ಲರೂ ವೈದ್ಯರಾದರು.

ನಮ್ಮದು ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ದಾರಿಯ ಹಳ್ಳಿ. ಒಂದಿಷ್ಟು ಹೊಲ, ಒಂದಿಷ್ಟು ಕುರಿ. ಚಳಿಗಾಲದಲ್ಲಿ ಹುಟ್ಟಿದ ಮರಿಗಳನ್ನು ಹಟ್ಟಿಯಲ್ಲಿ ಬಿಟ್ಟರೆ ನಾಯಿಗಳ ಪಾಲಾಗುತ್ತವೆಂದು ಹಿತ್ತಿಲ ಕೋಣೆಗೆ ತರುತ್ತೇವೆ. ಆ ವರ್ಷ ಆರು ಮರಿಗಳಿದ್ದವು. ಪಡಸಾಲೆಯಲ್ಲಿ ಟೀವಿ ಗದ್ದಲವೆಂದು ಮೊಮ್ಮಗಳೂ ಪುಸ್ತಕ, ಹಾಸಿಗೆ ತೆಗೆದುಕೊಂಡು ಅದೇ ಕೋಣೆ ಸೇರಿದಳು. ಮರಿಗಳು ಬೆಚ್ಚಗಿರಲೆಂದು ನನ್ನ ಹೆಂಡತಿ ಗಾರೆ ಹೊರುವ ಕಬ್ಬಿಣದ ಪುಟ್ಟಿಯಲ್ಲಿ ಜಾಲಿ ಕಟ್ಟಿಗೆಯ ಕೆಂಡ ತುಂಬಿ ಸಂಜೆಯೇ ಅಲ್ಲಿಡುತ್ತಿದ್ದಳು. ಉಳಿದ ವ್ಯವಸ್ಥೆ ನನ್ನದು. ಇದ್ದೊಂದು ಕಿಟಕಿಗೆ ಗೋಣಿಚೀಲ ಇಟ್ಟು ಮೊಳೆ ಹೊಡೆದೆ. ಬಾಗಿಲ ಕೆಳಗಿನ ಸಂದಿಗೆ ಹಳೆಯ ಕಂಬಳಿ ತುರುಕಲು ಮೊಮ್ಮಗಳಿಗೆ ಹೇಳಿಕೊಟ್ಟೆ. ಸೊಳ್ಳೆಗೂ ಪ್ರವೇಶವಿಲ್ಲದ ಕೋಣೆ. ಬಂದವರನ್ನೆಲ್ಲ ಕರೆದುಕೊಂಡು ಹೋಗಿ ತೋರಿಸಿದ್ದೇನೆ.

ಹದಿನೈದು ದಿನವಾಗಿತ್ತೇನೋ, ಹುಡುಗಿ ಬೆಳಿಗ್ಗೆ ತಲೆ ಹಿಡಿದುಕೊಂಡು ಏಳತೊಡಗಿದಳು. ರೊಟ್ಟಿ ಮುಂದಿಟ್ಟರೆ ಎದ್ದು ಬಚ್ಚಲಿಗೆ ಓಡುತ್ತಿದ್ದಳು. ಬಸ್ಸಿನಲ್ಲಿ ನಿದ್ದೆ, ಕ್ಲಾಸಿನಲ್ಲಿ ನಿದ್ದೆ. ಒಂದು ದಿನ ಹಗರಿಬೊಮ್ಮನಹಳ್ಳಿಯಲ್ಲಿ ಇಳಿಯುವುದನ್ನು ಮರೆತು, ಕಂಡಕ್ಟರು ಎಬ್ಬಿಸಿದಾಗ ಮರಿಯಮ್ಮನಹಳ್ಳಿಯಲ್ಲಿದ್ದಳು. ಆಮೇಲೆ ಕಾಲೇಜಿಗೆ ಹೋದ ದಿನಗಳಿಗಿಂತ ಹೋಗದ ದಿನಗಳೇ ಹೆಚ್ಚಾದವು. ಹಾಜರಿ ಸಾಲದು, ಹೀಗೇ ಆದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನವರು ಹೇಳಿ ಕಳಿಸಿದರು.

ಅವಳಪ್ಪ, ಎಂದರೆ ನನ್ನ ಮಗ, ತೀರ್ಪು ಕೊಟ್ಟ. “ನಿದ್ದಿ ಮಾಡಾಕ ಅಷ್ಟು ದೂರ ಯಾಕ ಹೋಗಬೇಕು? ಹಡಗಲಿ ಕಡೆಯಿಂದ ಒಂದು ಸಂಬಂಧ ಬಂದೈತಿ. ಪರೀಕ್ಷಿಗೆ ಕುಂದ್ರಸಲಿಲ್ಲ ಅಂದ್ರ ಹ್ಞೂಂ ಅಂತ ಹೇಳಿ ಕಳಸ್ತೀನಿ.”

ರೋಗದ ವಿಚಾರದಲ್ಲಿ ಮನೆ ಹಲವು ಪಕ್ಷವಾಯಿತು. ನನ್ನ ಹೆಂಡತಿಯದು ದೃಷ್ಟಿಯ ಪಕ್ಷ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮಗನದು ಮೊಬೈಲಿನ ಪಕ್ಷ. ನಾನು ಪಿತ್ತದ ಪಕ್ಷದ ಅಧ್ಯಕ್ಷನೂ ಏಕಮಾತ್ರ ಸದಸ್ಯನೂ ಆಗಿ ದಿನಾ ಒಂದು ಲೋಟ ಶುಂಠಿ ಕಷಾಯ ಕುಡಿಸಿದೆ. ಸೊಸೆ ಮಾತ್ರ ಯಾವ ಪಕ್ಷವನ್ನೂ ಸೇರಲಿಲ್ಲ. ಅಡುಗೆಮನೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳು ಮಡಚಿ ದಿನ ಎಣಿಸುತ್ತಿದ್ದಳು. ಅವಳು ಬಾಯಿ ಬಿಡದ್ದನ್ನು ಪಕ್ಕದ ಮನೆಯಾಕೆ ಕಟ್ಟೆಯ ಮೇಲೆ ಕೂತು ಹೇಳಿದಳು: “ಮುಂಜಾನೆ ವಾಂತಿ, ಹಗಲೆಲ್ಲ ನಿದ್ದಿ. ನಾವೂ ನಾಕು ಹಡದೋರು ಅದೀವಿ ಬಿಡ್ರಿ.”

ಅದು ಹುಡುಗಿಯ ಕಿವಿಗೂ ಬಿತ್ತು. ಸಂಜೆ ನನ್ನ ಹತ್ತಿರ ಬಂದು ಕೂತಳು.

“ಅಜ್ಜಾ, ನೀನೂ ಹಂಗ ಅನ್ಕೊಂಡೀ ಏನು?”

“ನಾನು ಪಿತ್ತದ ಪಕ್ಷದಾಂವ.”

ಅವಳು ನಗಲಿಲ್ಲ. “ಪಿತ್ತ ಆಗಿರ್ಲಿ, ಏನಾರ ಆಗಿರ್ಲಿ. ಪರೀಕ್ಷಿ ಒಂದು ಬರ್ಯಾಕ ಬಿಡಿಸು,” ಎಂದು ಅಲ್ಲೇ ಗೋಡೆಗೆ ಒರಗಿ ನಿದ್ದೆ ಹೋದಳು.

ಹವಾ ಬದಲಾಗಲೆಂದು ಹರಪನಹಳ್ಳಿಯಲ್ಲಿರುವ ನನ್ನ ಮಗಳ ಮನೆಗೆ ಕಳಿಸಿದೆವು. ಎರಡನೇ ದಿನಕ್ಕೆ ವಾಂತಿ ನಿಂತಿತು. ನಾಲ್ಕನೇ ದಿನ ಮಗಳು ಫೋನಿನಲ್ಲಿ, “ಇಲ್ಲಿ ಆರಾಮಾಗಿ ಅದಾಳಪ್ಪ, ಮೂರು ರೊಟ್ಟಿ ತಿಂತಾಳೆ. ನಿಮ್ಮನೆ ಊಟಾನೇ ಸರಿ ಇಲ್ಲ,” ಎಂದಳು. ಇದನ್ನು ಕೇಳಿ ನನ್ನ ಹೆಂಡತಿ ಮಗಳೊಂದಿಗೆ ಎರಡು ವಾರ ಮಾತು ಬಿಟ್ಟಳು. ಹುಡುಗಿ ಮನೆಗೆ ಮರಳಿದ ಎರಡನೇ ಬೆಳಿಗ್ಗೆಯೇ ಮತ್ತೆ ಬಚ್ಚಲಿಗೆ ಓಡಿದಳು. ದೃಷ್ಟಿ ಹಾಕುವವರು ನಮ್ಮ ಓಣಿಯಲ್ಲೇ ಇದ್ದಾರೆಂದು ಖಾತ್ರಿಯಾಯಿತು.

ಕೊನೆಗೆ ಸೊಸೆ, “ಮಾವಾರ, ಡಾಕ್ಟರ್ ಕಡೆ ಕರ್ಕೊಂಡು ಹೋಗೂಣ್ರಿ. ಏನಿದ್ರೂ ಗೊತ್ತಾಗಲಿ,” ಎಂದಳು. ಹಗರಿಬೊಮ್ಮನಹಳ್ಳಿಯ ಒಬ್ಬ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಮೂವರೂ ಹೋಗಿ, ಬಸ್ಸಿನ ನಿದ್ದೆಯಿಂದ ಹರಪನಹಳ್ಳಿಯ ತನಕ ಎಲ್ಲ ಹೇಳಿದೆವು. ರಕ್ತ ಪರೀಕ್ಷೆ, ಮೂತ್ರ ಪರೀಕ್ಷೆ ಮಾಡಿಸಿದರು. ಮಧ್ಯಾಹ್ನ ವರದಿ ನೋಡಿ ಡಾಕ್ಟರಮ್ಮ ಮೊದಲು ಸೊಸೆಯ ಮುಖ ನೋಡಿ ಹೇಳಿದರು: “ನೀವು ಹೆದರಿದ್ದು ಏನೂ ಇಲ್ಲ. ಥೈರಾಯ್ಡೂ ಸರಿ ಐತಿ. ರಕ್ತ ಸ್ವಲ್ಪ ಕಡಿಮೆ, ಅದಕ್ಕ ಗುಳಿಗಿ ಕೊಡ್ತೀನಿ. ಆದ್ರ ಇಷ್ಟಕ್ಕೇ ಯಾರೂ ಮರಿಯಮ್ಮನಹಳ್ಳಿ ತನಕ ನಿದ್ದಿ ಮಾಡೂದಿಲ್ಲ.”

ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡಳು. ಡಾಕ್ಟರಮ್ಮ ಹುಡುಗಿಯ ಕಡೆ ತಿರುಗಿದರು. ಎಷ್ಟು ಗಂಟೆಗೆ ಮಲಗುತ್ತಿ, ಮೊಬೈಲು ಎಷ್ಟು ಹೊತ್ತು ನೋಡುತ್ತಿ, ಬೇರೆ ಗುಳಿಗೆ ಏನಾದರೂ ನುಂಗುತ್ತೀಯಾ, ಮನಸ್ಸಿಗೆ ಬೇಜಾರಿದೆಯಾ ಎಂದು ಒಂದೊಂದೇ ಕೇಳಿದರು. ಹರಪನಹಳ್ಳಿಯಲ್ಲಿ ಆರಾಮಿದ್ದದ್ದನ್ನು ಎರಡು ಸಲ ಕೇಳಿದರು. ಆಮೇಲೆ, “ನೀನು ಮಲಗೋ ಕೋಣ್ಯಾಗ ಇನ್ನೂ ಯಾರಾದ್ರೂ ಮಲಗ್ತಾರ?”

“ಆರು ಮಂದಿರಿ.”

ಸೊಸೆ ಬೆಚ್ಚಿಬಿದ್ದಳು. “ಕುರಿಮರಿರಿ,” ಎಂದು ಹುಡುಗಿ ಸೇರಿಸಿದಳು.

“ಅವು ಹೆಂಗ ಅದಾವ?”

“ಅವೂ ನನ್ನಂಗೇ ರೀ. ಮುಂಜಾನೆ ಏಳೂದಿಲ್ಲ. ಎರಡಂತೂ ಹಾಲಿಗೇ ಬಾಯಿ ಹಾಕವಲ್ಲವು.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಅಲ್ಲಿ ಬೆಂಕಿ ಇಡ್ತೀರೇನು?”

ಈಗ ನನ್ನ ಸರದಿಯೆಂದು ಮುಂದೆ ಬಂದು, ಪುಟ್ಟಿಯಿಂದ ಹಿಡಿದು ಗೋಣಿಚೀಲದ ತನಕ ಸವಿಸ್ತಾರವಾಗಿ ವಿವರಿಸಿದೆ. “ಹೊಗಿ ಒಂದೀಟೂ ಇಲ್ರಿ, ಬರೇ ಕೆಂಡ,” ಎಂದೂ ಹೇಳಿದೆ.

“ಹೊಗಿ ಇದ್ದಿದ್ರ ಚಲೋ ಇತ್ತು ಯಜಮಾನ್ರೇ, ಕೆಮ್ಮಿಕೊಂತ ಎದ್ದು ಬಾಗಲಾ ತೆಗೀತಿದ್ಳು. ಮುಚ್ಚಿದ ಕೋಣ್ಯಾಗ ಕೆಂಡದಿಂದ ಒಂದು ವಿಷಗಾಳಿ ಬರತೈತಿ. ಬಣ್ಣ ಇಲ್ಲ, ವಾಸನಿ ಇಲ್ಲ. ರಕ್ತಕ್ಕ ಸೇರಿದ್ರ ತಲಿನೋವು, ವಾಕರಿಕಿ, ನಿದ್ದಿ.” ದನಿ ಏರಿಸದೆ ಮುಂದುವರಿಸಿದರು: “ಕೆಂಡ ಇನ್ನೊಂದೀಟು ಹೆಚ್ಚಾಗಿದ್ರ ಒಂದು ಮುಂಜಾನೆ ಇವಳೂ ಏಳ್ತಿರಲಿಲ್ಲ, ಮರೀನೂ ಏಳ್ತಿರಲಿಲ್ಲ.”

ಮನೆಗೆ ಬಂದವನು ಚಪ್ಪಲಿ ಬಿಡದೆ ಹಿತ್ತಿಲಿಗೆ ಹೋಗಿ ಗೋಣಿಚೀಲ ಕಿತ್ತೆ. ಹೊಡೆಯುವಾಗ ಎಂಟು ಮೊಳೆ ಹೊಡೆದಿದ್ದೆ, ಗಟ್ಟಿಯಿರಲೆಂದು. ಕೀಳುವ ಅವಸರದಲ್ಲಿ ಒಂದಕ್ಕೆ ಹೆಬ್ಬೆರಳು ಸೀಳಿತು. ಮರಿಗಳಿಗೆ ಕೆಂಡದ ಬದಲು ಕಂಬಳಿ ಹೊದಿಸಿದೆವು. ಮೊಮ್ಮಗಳು ಪಡಸಾಲೆಯಲ್ಲಿ ಮಲಗಿದಳು. ಅವಳು ಓದುವ ಹೊತ್ತಿಗೆ ಟೀವಿ ಬಂದ್ ಎಂದು ನಾನೇ ಹುಕುಂ ಹೊರಡಿಸಿದೆ. ವಾರದೊಳಗೆ ಹುಡುಗಿಯೂ ಮರಿಗಳೂ ಸರಿಹೋದವು. ಪಕ್ಕದ ಮನೆಯಾಕೆಗೆ ಅಷ್ಟು ಬೇಗ ಸರಿಹೋಗಲಿಲ್ಲ.

ಉಳಿದದ್ದು ಹಾಜರಿ. ಡಾಕ್ಟರಮ್ಮನ ಚೀಟಿಯ ಜೊತೆ ಪೋಷಕರ ಪತ್ರವೂ ಬೇಕೆಂದರು ಕಾಲೇಜಿನವರು. ನನ್ನ ನೌಕರಿಯಲ್ಲಿ ಜ್ವರ, ಹೊಟ್ಟೆನೋವು, ತೀರಿಕೊಂಡ ಅಜ್ಜಿ ಎಂಬ ರಜಾ ಚೀಟಿಗಳನ್ನು ಸಾವಿರಗಟ್ಟಲೆ ಓದಿದವನು ನಾನು. ಗಂಭೀರವಾಗಿ ಕೂತು, ‘ಮನೆಯವರ ಅಜಾಗರೂಕತೆಯಿಂದ’ ಎಂದು ಬರೆದೆ. ಮೊಮ್ಮಗಳು ಓದಿ ಹಾಳೆಯನ್ನು ಹಿಂದಕ್ಕೆ ಕೊಟ್ಟಳು.

“ಮನಿಯವರು ಅಂದ್ರ ಯಾರಜ್ಜಾ? ಅದರಾಗ ಅವ್ವನೂ ಬಂದ್ಳು, ಅಪ್ಪನೂ ಬಂದ. ಮೊಳಿ ಹೊಡದಾಂವ ಒಬ್ಬನಽ ಅಲ್ಲ?”

ಹೊಸ ಹಾಳೆ ತೆಗೆದು, ಕಿಟಕಿ ಮುಚ್ಚಿದವನು ನಾನು ಎಂದು ಬರೆದು ಸಹಿ ಮಾಡಿದೆ. ಹೆಬ್ಬೆರಳಿಗೆ ಪಟ್ಟಿ ಇದ್ದದ್ದರಿಂದ ಸಹಿ ಸ್ವಲ್ಪ ಸೊಟ್ಟಗಾಯಿತು. ಪ್ರಾಂಶುಪಾಲರು ಅದನ್ನು ಎರಡು ಸಲ ಓದಿ, ಮರಿಗಳು ಹೇಗಿವೆಯೆಂದು ಕೇಳಿ, ಪರೀಕ್ಷೆಗೆ ಕೂರಿಸಿಕೊಂಡರು. ಸಂಬಂಧ ಈಗ ಬೇಡವೆಂದು ಮಗ ಹಡಗಲಿಯವರಿಗೆ ಹೇಳಿ ಕಳಿಸಿದ.