ಓದದೆ ತಳ್ಳಿಹಾಕಿದ ಕೋಡು

“ಅಣ್ಣಾ, ನಾನ್ ಕಳ್ಸಿದ್ ಕೋಡ್ನಾಗೆ ಏನ್ ತಪ್ಪಿತ್ತು ಅಂತ ಒಸಿ ಹೇಳ್ರಣ್ಣ, ಕಲ್ತ್ಕೊತೀನಿ.”

ಕಲ್ಯಾಣದುರ್ಗದಲ್ಲಿ ಜೆರಾಕ್ಸ್ ಅಂಗಡಿ ನಡೆಸುವ ಆ ಹೆಣ್ಣುಮಗಳು, ಊರಿಗೆ ಕೆಲಸಕ್ಕೆ ಬಂದಿದ್ದ ನಾನು ನಕಲಿಗೆ ಕೊಟ್ಟ ಆಧಾರ್ ಕಾರ್ಡಿನ ಹೆಸರು ನೋಡಿ ಗುರುತು ಹಿಡಿದಿದ್ದಳು. ಬ್ಲಾಕ್‌ಚೈನ್ ಜಾಲಕ್ಕೆ ಕಂಪ್ಯೂಟರನ್ನು ಜೋಡಿಸುವ , ಯಾರು ಬೇಕಾದರೂ ತಿದ್ದಬಹುದಾದ ಓಪನ್ ಸೋರ್ಸ್ ತಂತ್ರಾಂಶವೊಂದಕ್ಕೆ ಜನ ಕಳಿಸುವ ತಿದ್ದುಪಡಿಗಳನ್ನು ಹಿಂದೂಪುರದಲ್ಲಿ ಕುಳಿತು ಪರಿಶೀಲಿಸುವವನು ನಾನು. ಅವಳು ಕಳಿಸಿದ್ದನ್ನು, ಜೊತೆಗಿದ್ದ ವಿವರಣೆಯ ಹರಕುಮುರುಕು ಇಂಗ್ಲಿಷ್ ಕಂಡು, ಓದದೆಯೇ ತಳ್ಳಿಹಾಕಿದ್ದೆ. ಈಗ ಬಾಯಿಗೆ ಬಂದ ನೆಪವೊಂದನ್ನು ಹೇಳಿದೆ ನೋಡಿ.

“ಟೆಸ್ಟಿಂಗು ಕಮ್ಮಿ ಆಗಿತ್ತು ಕಣಮ್ಮ,” ಎಂದುಬಿಟ್ಟೆ.

ಅವಳು ಅದನ್ನು ಶ್ರದ್ಧೆಯಿಂದ ಬರೆದುಕೊಂಡಳು.

ಮನೆಗೆ ಬಂದು ಅವಳ ಕೋಡನ್ನು ಮೊದಲ ಸಲ ಓದಿದೆ. ತಪ್ಪೇ ಇರಲಿಲ್ಲ. ಜೊತೆಗೆ, ಅದು ಸರಿಯಾಗಿ ನಡೆಯುತ್ತದೆಯೇ ಎಂದು ಪರೀಕ್ಷಿಸಲು ಅವಳೇ ಬರೆದ ಹನ್ನೊಂದು ಟೆಸ್ಟುಗಳಿದ್ದವು. ನಾನೇ ಎಂದೂ ಅಷ್ಟು ಬರೆದವನಲ್ಲ. ಅದನ್ನು ಅವಳ ಹೆಸರಿನಲ್ಲೇ ತಂತ್ರಾಂಶಕ್ಕೆ ಸೇರಿಸಿದೆ. ಅಂಗಡಿಯಲ್ಲಿ ಹೇಳಿದ್ದು ಸುಳ್ಳೆಂದು ಮಾತ್ರ ಅವಳಿಗೆ ಇನ್ನೂ ಬರೆದಿಲ್ಲ.